ಪುಟಾಫ್ ಮಾಡಿದ ಮದುವೆ

ಆಗ ನನಗೆ ನಲವತ್ತೆಂಟು. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ವಯಸ್ಸಾದ ಮೇಲೆ ಎಲ್ಲವನ್ನೂ ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರು ಇದ್ದಾರೆ. ಅವರ ಮಗಳಿಗೆ ಹೀಗಾಗಿದ್ದರೆ ಅವರ ಬುದ್ಧಿ ಎಲ್ಲಿರುತ್ತಿತ್ತೋ ನೋಡಬೇಕಿತ್ತು. ನಾನು ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಚೇಳೂರಿನ ಕಡೆಯ ಹಳ್ಳಿಯಿಂದ ತುಮಕೂರಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ. ಮನೆಯ ಮುಂದಿನ ಭಾಗದಲ್ಲಿ ಕಾಲೇಜು ಹುಡುಗರಿಗೆ ಊಟ ಹಾಕುವ ಮೆಸ್ಸು ಮಾಡಿಕೊಂಡು ಮಗಳನ್ನು ಓದಿಸಿದೆ. ಹಿಂದಿನ ಭಾಗದಲ್ಲಿ ಮೈದುನನ ಸಂಸಾರ. ಅವನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಫೋನು ಇದ್ದದ್ದು ಅವನ ಕಡೆ. ಅದಕ್ಕೆ ಅವನ ಹೆಂಡತಿ ಕಸೂತಿ ಹಾಕಿದ ಬಟ್ಟೆ ಹೊದಿಸಿರುತ್ತಿದ್ದಳು, ಮಲಗಿದ ಕೂಸಿಗೆ ಹೊದಿಸಿದ ಹಾಗೆ.

ಇಂಗ್ಲಿಷು ನನಗೆ ಬಾರದಿದ್ದರೂ ಕಿವಿಗೆ ಹೊಸದಲ್ಲ. ಮೆಸ್ಸಿನ ಹುಡುಗರು ತಟ್ಟೆ ಮುಂದೆ ಕೂತರೆ ಅದೇ ಮಾತು. ಒಬ್ಬ ‘ಲೇಟಾಗಿ ವೇಕಪ್ ಆದೆ ಆಂಟಿ’ ಅನ್ನುವನು. ಇನ್ನೊಬ್ಬ ‘ಸಾರು ಫಿಲಪ್ ಮಾಡಿ’ ಅನ್ನುವನು. ಅಣ್ಣ ಪಾಸೌಟ್ ಆದ, ಗೆಳೆಯ ಡ್ರಾಪೌಟ್ ಆದ, ಮೇಷ್ಟ್ರು ಗೆಟೌಟ್ ಅಂದರು. ಆಸ್ಪತ್ರೆಗೆ ಹೋದರೆ ಚೆಕಪ್ಪು. ಬಸ್ಸಿನಲ್ಲಿ ಹೋಲ್ಡಾನ್. ಹೋಲ್ಡಾನ್ ಅಂದರೆ ಬಸ್ಸು ನಿಲ್ಲುತ್ತಿತ್ತು. ನಿಲ್ಸಪ್ಪಾ ಅಂತ ಗಂಟಲು ಹರಿದುಕೊಂಡರೆ ಮುಂದಿನ ಸ್ಟಾಪಿನ ತನಕ ಹೋಗುತ್ತಿತ್ತು. ಇದೆಲ್ಲ ಉಪಯೋಗಕ್ಕೆ ಬರುವ ಮಾತು. ಇದರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

ಮಗಳು ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಗುಬ್ಬಿಯ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿನವರು ಚಿಕ್ಕ ಮಕ್ಕಳಿಗೆ ಕಲಿಸಲು ಕರೆದಿದ್ದರು. ಅದಕ್ಕಾಗಿ ಒಂದು ಹಳೆಯ ಪುಸ್ತಕ ತಂದು ಇಂಥ ಜೋಡಿ ಮಾತುಗಳನ್ನೇ ಬಾಯಿಪಾಠ ಮಾಡುತ್ತಿದ್ದಳು. ಮನೆಯಲ್ಲಿ ಮಾಡುವ ಕೆಲಸವನ್ನೇ ಹೇಳಿಕೊಳ್ಳಿ, ಇಲ್ಲದಿದ್ದರೆ ನಾಲಿಗೆಗೆ ಹತ್ತುವುದಿಲ್ಲ ಎಂದು ಅವಳ ಟೀಚರು ಹೇಳಿಕೊಟ್ಟಿದ್ದರಂತೆ. ಹಾಗಾಗಿ ಬಾಗಿಲಿಗೆ ನೀರು ಹಾಕುವಾಗ ‘ಐ ಗೆಟಪ್ ಅಟ್ ಫೈವ್’. ಸೀರೆ ನೆರಿಗೆ ಹಿಡಿಯುವಾಗ ‘ಐ ಪುಟಾನ್ ಮೈ ಸ್ಯಾರಿ’. ಒಲೆ ಆರಿಸುವಾಗ ಒಂದು, ಪಾತ್ರೆ ಎತ್ತಿಡುವಾಗ ಒಂದು. ಒಂದು ದಿನ ನನ್ನ ಕಡೆ ತಿರುಗಿ ‘ಮೈ ಮದರ್ ಲುಕ್ಸ್ ಆಫ್ಟರ್ ಮೀ’ ಅಂದಳು.

“ಏನೇ ಅದು, ನನ್ನ ಬಯ್ತಿದೀಯಾ?”

“ಇಲ್ಲ ಕಣಮ್ಮ. ಅಮ್ಮ ನನ್ನ ನೋಡ್ಕೋತಾಳೆ ಅಂತ.”

“ಅದನ್ನ ತಿಳ್ಕೊಳ್ಳೋಕೆ ಪುಸ್ತಕ ಬೇಕಾಯ್ತಾ ನಿಂಗೆ? ಸೊಪ್ಪು ಬಿಡ್ಸು ಬಾ.”

ನಗುತ್ತಾ ಬಂದು ಸೊಪ್ಪು ಬಿಡಿಸಿದಳು.

ಅಷ್ಟರಲ್ಲಿ ಕುಣಿಗಲ್ಲಿನ ಸಂಬಂಧ ಬಂತು. ತಂದವನು ಮೈದುನ. ಹುಡುಗನ ಅಪ್ಪ ಇವನ ಇಲಾಖೆಯಲ್ಲೇ ಸಾಹೇಬರು, ಇವನ ಮೇಲಿನವರ ಮೇಲಿನವರು. ಹುಡುಗ ಕಂಟ್ರಾಕ್ಟು ಮಾಡಿಸುತ್ತಿದ್ದ. ಫಾಲ್ಗುಣದಲ್ಲಿ ನಮ್ಮ ಮನೆಯಲ್ಲೇ ಒಪ್ಪಂದವಾಯಿತು. ಮದುವೆ ಜ್ಯೇಷ್ಠಕ್ಕೆ ಎಂದು ಮಾತು. ಹುಡುಗನ ತಾಯಿ ‘ನಮ್ಮನೆ ಸೊಸೆ ಕೆಲಸಕ್ಕೆ ಹೋಗೋದು ಬ್ಯಾಡ’ ಅಂದಳು. ಆಗಲಿ ಅಂದೆ. ಮಗಳೇ ಗುಬ್ಬಿಗೆ ಹೋಗಿ, ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿ ಬಂದಳು. ಅಲ್ಲಿಯ ಹೆಡ್‌ಮಿಸ್ಸು ಒಳ್ಳೆಯವರು. ‘ಸ್ಕೂಲು ಶುರುವಾಗೋ ತನಕ ಜಾಗ ಖಾಲಿ ಇಟ್ಟಿರ್ತೀನಿ, ಆ ಸೋಮವಾರ ಬರದಿದ್ದರೆ ಬೇರೆಯವರನ್ನ ತಗೋತೀನಿ’ ಅಂದಿದ್ದರು.

ನಮ್ಮ ಕಡೆ ಒಪ್ಪಂದ ಅಂದರೆ ವೀಳ್ಯ ಬದಲಾಯಿಸುವುದು. ಎಲೆ, ಅಡಿಕೆ, ಕೊಬ್ಬರಿ ಗಿಟುಕು ಇಟ್ಟ ತಟ್ಟೆಯನ್ನು ಎರಡು ಕಡೆಯವರೂ ಕೈ ಬದಲಾಯಿಸಿಕೊಂಡರೆ ಮಾತು ಕಟ್ಟಿದ ಹಾಗೆ. ಮಾತು ಬೇಡವಾದರೆ ಬೇಡವಾದವರು ಬಂದು ಹೊಸ ಎಲೆ ಅಡಿಕೆಯಿಟ್ಟು ವೀಳ್ಯ ವಾಪಸ್ಸು ಕೊಟ್ಟು, ‘ನಿಮ್ಮ ಮಾತು ನಿಮಗೆ, ನಮ್ಮ ಮಾತು ನಮಗೆ’ ಎಂದು ಮುಖ ನೋಡಿ ಹೇಳಬೇಕು. ಹಾಗೆ ಹೇಳುವ ತನಕ ಹುಡುಗಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನನ್ನ ಮಗಳ ವೀಳ್ಯವನ್ನು ಹಿಡಿದದ್ದು ಮೈದುನ ಮತ್ತು ಅವನ ಹೆಂಡತಿ. ಗಂಡ ಸತ್ತವಳು ಮುಟ್ಟಿದರೆ ವೀಳ್ಯ ಕೆಡುತ್ತದೆ. ಹೆತ್ತವಳು ನಾನು ಅಡಿಗೆಮನೆ ಬಾಗಿಲಿನ ಹಿಂದೆ ನಿಂತು ನೋಡಿದೆ. ನನಗೂ ಆಗ ಅದು ಸರಿ ಅನ್ನಿಸಿತ್ತು.

ಒಪ್ಪಂದವಾದ ಮೇಲೆ ಕುಣಿಗಲ್ಲಿನಿಂದ ಫೋನು ಬಂದರೆ ಮೈದುನ ಎದ್ದು ನಿಂತು ಕನ್ನಡದಲ್ಲೇ ಮಾತಾಡುತ್ತಿದ್ದ. ಹೂಂ ಸಾರ್, ಆಗ್ಲಿ ಸಾರ್, ನಮ್ಮತ್ಗೆಗೆ ಹೇಳ್ತೀನಿ ಸಾರ್. ವೈಶಾಖ ಅರ್ಧ ಕಳೆಯುವ ಹೊತ್ತಿಗೆ ಒಂದು ದಿನ ಮಾತು ಇಂಗ್ಲಿಷಿಗೆ ತಿರುಗಿತು. ನಾನು ಅವನ ಹಜಾರದಲ್ಲೇ ಮಗಳ ಜೊತೆ ಅಕ್ಕಿ ಹಸನು ಮಾಡುತ್ತಿದ್ದೆ. ಅವನು ನಮ್ಮ ಕಡೆ ನೋಡಿಕೊಂಡೇ ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಪುಟಾಫ್ ಎನ್ನುವುದು ಎರಡು ಮೂರು ಸಲ ಬಂತು. ಮಗಳ ಕೈ ಮೊರದಲ್ಲಿ ನಿಂತಿತು. ಆಮೇಲೆ ಮತ್ತೆ ಕಲ್ಲು ಆರಿಸತೊಡಗಿತು.

“ಏನಂತಪ್ಪ?” ಎಂದು ಕೇಳಿದೆ.

“ಆಫೀಸಿನ್ ಮಾತು ಅತ್ಗೆ. ಒಂದು ಫೈಲ್ ವಿಚಾರ.”

ನಾನು ನಂಬಿದೆ. ಮಾರನೆಯ ದಿನದಿಂದ ಮಗಳು ಬಾಗಿಲಿಗೆ ನೀರು ಹಾಕುವಾಗ ಬಾಯಿಪಾಠ ಹೇಳುವುದನ್ನು ಬಿಟ್ಟಳು. ಕೇಳಿದ್ದಕ್ಕೆ ‘ಇನ್ನ ಯಾಕಮ್ಮ ಅದು’ ಅಂದಳು. ಮದುವೆಯ ಯೋಚನೆ ಇರಬೇಕು ಅಂದುಕೊಂಡೆ. ಹೆತ್ತವಳಿಗೆ ಮಗಳ ಮುಖ ಓದಲು ಬರುತ್ತದೆ ಎಂದು ಹೇಳುತ್ತಾರೆ. ಸುಳ್ಳು. ಮೂವತ್ತು ಜನಕ್ಕೆ ಮುದ್ದೆ ಕಟ್ಟುವವಳಿಗೆ ಯಾರ ಮುಖ ಓದಲೂ ಪುರಸೊತ್ತಿರುವುದಿಲ್ಲ.

ಬಿಸಿಲು ಏರಿದ ಮೇಲೆ ಮದುವೆಗೆಂದು ಹಪ್ಪಳ ಮಾಡಲು ಕೂತೆ. ಉದ್ದಿನ ಹಿಟ್ಟು ಕುಟ್ಟಿ, ಮಿದ್ದು, ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಒಣಗಲು ಹಾಕುವುದು. ವಾರಗಿತ್ತಿ ಸಹಾಯಕ್ಕೆ ಬಂದಳು. ಬೇರೆ ಯಾವ ಕೆಲಸಕ್ಕೂ ಮೈ ಬಗ್ಗಿಸದವಳು ಹಪ್ಪಳ ಒತ್ತುವುದರಲ್ಲಿ ಮಾತ್ರ ಗಟ್ಟಿಗಿತ್ತಿ. ಅವತ್ತು ಅವಳ ಕೈ ಓಡುತ್ತಲೇ ಇಲ್ಲ. ನಾಲ್ಕು ಒತ್ತುವುದು, ಆಕಡೆ ನೋಡುವುದು.

“ಇಷ್ಟು ಸಾಕು ಬುಡಕ್ಕ,” ಅಂದಳು.

“ಯಾಕ್ಲೇ ಸಾಕು? ಬೀಗರೂಟಕ್ಕೆ ಕುಣಿಗಲ್ಲಿಂದ ಎರಡು ಬಸ್ಸು ಜನ ಬರ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹಪ್ಪಳ ಮುರಿದು ಹಾಕ್ಲಾ?”

“ಅದಲ್ಲಕ್ಕ. ಕೆಟ್ಟೋಗ್ತವೆ ಸುಮ್ಕೆ.”

“ಉದ್ದಿನ ಹಪ್ಪಳ ವರ್ಷ ಇಟ್ರೂ ಕೆಡಲ್ಲ ಕಣೇ. ಏನು, ಇವತ್ತು ಹೊಸ ಕಥೆ ಹೇಳ್ತೀಯಾ?”

ಅವಳು ಹಪ್ಪಳದ ಮಣೆಯನ್ನು ಪಕ್ಕಕ್ಕೆ ಸರಿಸಿದಳು. “ನಾನು ಹೇಳ್ದೆ ಅನ್ಬ್ಯಾಡ ಅಕ್ಕ. ಜ್ಯೇಷ್ಠಕ್ಕೆ ಮದುವೆ ಇಲ್ಲ. ಇವರು ಹದಿನೈದು ದಿವಸದಿಂದ ನುಂಗ್ಕೊಂಡು ಕೂತವ್ರೆ. ಈ ಬಿಸಿಲಲ್ಲಿ ನೀನು ಬೇಯೋದ ನೋಡೋಕೆ ನನ್ ಕೈಲಾಗಲ್ಲ.”

ನಾನು ಕೆಳಗಿಳಿದು ಬಂದೆ. ಆಫೀಸಿಗೆ ರಜ ಹಾಕಿದ್ದ ಮೈದುನ ಬನಿಯನ್ನು ಹಾಕಿಕೊಂಡು ಫ್ಯಾನಿನ ಕೆಳಗೆ ಕಾಫಿ ಕುಡಿಯುತ್ತಿದ್ದ. ನನ್ನ ಮುಖ ನೋಡಿದವನೇ ಲೋಟ ಕೆಳಗಿಟ್ಟ.

“ಮದುವೆ ಏನಾಯ್ತು?”

“ಏನೂ ಆಗಿಲ್ಲ ಅತ್ಗೆ. ಕಾಲಾಫ್ ಆಗಿಲ್ಲ. ಪುಟಾಫ್ ಅಷ್ಟೇ.”

“ಕನ್ನಡದಲ್ಲಿ ಬೊಗಳು.”

“ಮುಂದಕ್ಕೆ ಹಾಕವ್ರೆ.”

“ಎಷ್ಟು ಮುಂದಕ್ಕೆ?”

“ಅದನ್ನ ಇನ್ನೂ ವರ್ಕೌಟ್ ಮಾಡ್ತಾವ್ರೆ.”

“ಯಾಕೆ? ಯಾರಾದ್ರೂ ಸತ್ರಾ ಅವರ ಮನೇಲಿ?”

ಅವನು ಕಾಲಿನ ಹೆಬ್ಬೆರಳು ನೋಡಿಕೊಂಡ. ಬೆಂಗಳೂರಿನ ಕಡೆಯಿಂದ ದೊಡ್ಡ ಕಂಟ್ರಾಕ್ಟರೊಬ್ಬರ ಮಗಳ ಮಾತು ಬಂದಿದೆ, ಹುಡುಗ ಹೋಗಿ ನೋಡಿಯೂ ಬಂದಿದ್ದಾನೆ, ಅದು ಕುದುರಿದರೆ ಕುದುರಿತು, ಇಲ್ಲದಿದ್ದರೆ ನಮ್ಮದು ಇದ್ದೇ ಇದೆಯಲ್ಲ ಎಂದು ಸಾಹೇಬರು ಹೇಳಿದರು ಎಂದ.

“ಅದಕ್ಕೆ ನೀನೇನಂದೆ?”

“ಕ್ಯಾರಿ ಆನ್ ಸಾರ್ ಅಂದೆ. ಇನ್ನೇನನ್ಲಿ ಅತ್ಗೆ? ನನ್ ಪ್ರಮೋಷನ್ನು ಅವರ ಕೈಲೈತೆ.”

ನನ್ನ ಹೊಟ್ಟೆ ಉರಿದದ್ದು ಇಲ್ಲಿ. ಇದೇ ಮಾತನ್ನು ಆ ಮನುಷ್ಯ ಕನ್ನಡದಲ್ಲಿ ಹೇಳಬೇಕಾಗಿದ್ದರೆ ಹೇಗೆ ಹೇಳುತ್ತಿದ್ದ? ‘ನೋಡಯ್ಯ, ನಿಮ್ಮ ಹುಡುಗಿಯನ್ನು ಹಾಗೇ ಮೂಲೆಯಲ್ಲಿ ಇಟ್ಟಿರಿ. ನಮಗೆ ಇನ್ನೊಬ್ಬಳು ಸಿಗದಿದ್ದರೆ ಬಂದು ಕರೆದುಕೊಂಡು ಹೋಗುತ್ತೇವೆ.’ ಹೀಗೆ ಹೇಳಲು ಯಾವ ಅಪ್ಪನಿಗೂ ನಾಲಿಗೆ ಹೊರಳುವುದಿಲ್ಲ. ಹೊರಳಿದರೂ ಕೇಳಿದ ಚಿಕ್ಕಪ್ಪ ಸುಮ್ಮನೆ ಇರುವುದಿಲ್ಲ, ಎಷ್ಟೇ ಹೇಡಿಯಾದರೂ ‘ಏನ್ ಸಾರ್ ಹಿಂಗಂತೀರಿ’ ಎಂದಾದರೂ ಅನ್ನುತ್ತಾನೆ. ಪುಟಾಫ್ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಲೈಟು ಆರಿಸಿದಷ್ಟು ಸುಲಭ. ಹೇಳಿದವನ ಬಾಯಿ ಹೊಲಸಾಗಲಿಲ್ಲ, ಕೇಳಿದವನ ಕಿವಿ ಸುಡಲಿಲ್ಲ. ಇಬ್ಬರೂ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಆಫೀಸಿಗೆ ಹೋದರು. ನಾನು ಇಲ್ಲಿ ಬಿಸಿಲಲ್ಲಿ ಕೂತು ಹಪ್ಪಳ ಒತ್ತಿದೆ.

ಮಗಳು ಅಡಿಗೆಮನೆಯಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನಿಂಗೆ ಗೊತ್ತಿತ್ತೇನೇ?”

“ಗೊತ್ತಿತ್ತು.”

“ಯಾವತ್ತಿಂದ?”

“ಅಕ್ಕಿ ಹಸನು ಮಾಡಿದ ದಿವಸದಿಂದ. ಚಿಕ್ಕಪ್ಪ ನನ್ನ ಮುಖ ನೋಡ್ಕೊಂಡೇ ಮಾತಾಡಿದ್ರು ಅಮ್ಮ. ನಂಗೆ ಅರ್ಥ ಆಗುತ್ತೆ, ನಿಂಗೆ ಆಗಲ್ಲ ಅಂತ ಅವರಿಗೆ ಗೊತ್ತು. ಬಾಯ್ಬಿಟ್ಟು ಹೇಳ್ಬೇಡ ಅಂತ ಕಣ್ಣಲ್ಲೇ ಅಂದ್ರು.”

ಎತ್ತಿ ಕೆನ್ನೆಗೆ ಬಿಟ್ಟೆ. ಕೈಯಲ್ಲಿದ್ದ ಉದ್ದಿನ ಹಿಟ್ಟು ಅವಳ ಮುಖಕ್ಕೆ ಮೆತ್ತಿಕೊಂಡಿತು. ಅವಳು ಅಳಲಿಲ್ಲ. ಸೆರಗಿನಿಂದ ಒರೆಸಿಕೊಂಡಳು.

“ಆ ಹುಡುಗ ಬೇಕಾ ನಿಂಗೆ?”

“ಬ್ಯಾಡ.”

“ಮತ್ತೇನು ಬೇಕು?”

“ಗುಬ್ಬಿ,” ಅಂದಳು.

ಸ್ಕೂಲು ಶುರುವಾಗುವ ಸೋಮವಾರಕ್ಕೆ ಇನ್ನು ಮೂರೇ ದಿನ ಇತ್ತು. ಸುಮ್ಮನೆ ಹೋಗಿ ಕೆಲಸಕ್ಕೆ ಸೇರಿಬಿಡು ಎಂದು ಹೇಳುವುದು ಈಗ ಸುಲಭ. ಆಗ ಹಾಗಿರಲಿಲ್ಲ. ವೀಳ್ಯ ಅವರ ಮನೆಯಲ್ಲಿದೆ, ಕೆಲಸ ಬೇಡ ಎಂದು ನಾವೇ ಒಪ್ಪಿದ್ದೇವೆ. ಇವಳು ಗುಬ್ಬಿಗೆ ಹೋದ ದಿನವೇ ಮಾತಿಗೆ ತಪ್ಪಿದವರು ಹುಡುಗಿಯ ಕಡೆಯವರು ಎಂದಾಗುತ್ತದೆ. ಸಾಹೇಬರಿಗೂ ಅದೇ ಬೇಕು. ಆಮೇಲೆ ಅವಳ ಹೆಸರು ಊರ ಬಾಯಲ್ಲಿ. ಮಾತು ಬಿಡಿಸಿಕೊಳ್ಳದೆ ಹೆಜ್ಜೆ ಇಡುವ ಹಾಗಿರಲಿಲ್ಲ.

ಮೈದುನನಿಗೆ ಹೇಳಿದೆ, “ವೀಳ್ಯ ಹಿಡಿದವನು ನೀನು. ಹೋಗಿ ವಾಪಸ್ಸು ಕೊಟ್ಟು ಬಾ.”

“ನನ್ ಕೈಲಾಗಲ್ಲ ಅತ್ಗೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಆಷಾಢ ಕಳೀಲಿ.”

“ಆಷಾಢ ಕಳೆಯೋ ಹೊತ್ಗೆ ನಿಂಗೆ ಪ್ರಮೋಷನ್ ಆಗಿರುತ್ತೆ. ನನ್ ಮಗಳಿಗೇನಾಗಿರುತ್ತೆ?”

ಅವನು ಟವಲು ತೆಗೆದುಕೊಂಡು ಸ್ನಾನಕ್ಕೆ ಹೋದ. ಬಚ್ಚಲು ಬಾಗಿಲು ಹಾಕಿಕೊಂಡರೆ ಗಂಡಸರಿಗೆ ಎಲ್ಲ ಪ್ರಶ್ನೆಯೂ ಮುಗಿಯುತ್ತದೆ.

ಭಾನುವಾರ ಬೆಳಿಗ್ಗೆ ಹುಡುಗರಿಗೆ ಉಪ್ಪಿಟ್ಟು ಬೇಯಿಸಿಟ್ಟು, ಬಡಿಸಲು ಮಗಳಿಗೆ ಹೇಳಿ ಹೊರಟೆ. ಬಸ್ ಸ್ಟ್ಯಾಂಡಿನ ಹತ್ತಿರ ಎಲೆ ಮಾರುವವಳು ನನ್ನ ಬೋಳು ಹಣೆ ನೋಡಿ, “ಪೂಜೆ ಎಲೆನಾ, ತಿನ್ನೋ ಎಲೆನಾ?” ಅಂದಳು.

“ಎರಡೂ ಅಲ್ಲ. ಒಂದು ಮಾತು ಮುರೀಬೇಕು.”

“ಹಂಗಾದ್ರೆ ತೊಟ್ಟು ಮುರೀದಿರೋ ಎಲೆ ತಗೊಳ್ಳಿ,” ಅಂದು ಆರಿಸಿ ಕೊಟ್ಟಳು. ಅಡಿಕೆ ಕಟ್ಟಿಸಿಕೊಂಡು, ಒಪ್ಪಂದದ ದಿನ ಅವರು ಕೊಟ್ಟಿದ್ದ ಕೊಬ್ಬರಿ ಗಿಟುಕನ್ನೂ ಅದರ ಜೊತೆ ಇಟ್ಟೆ. ಕುಣಿಗಲ್ ಬಸ್ಸಿನಲ್ಲಿ ತೊಡೆಯ ಮೇಲೆ ವೀಳ್ಯ ಇಟ್ಟುಕೊಂಡು ಕೂತೆ. ಗಂಡ ಹೋದ ಮೇಲೆ ನಾನು ವೀಳ್ಯ ಹಿಡಿದುಕೊಂಡದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ಮುತ್ತೈದೆ ಸ್ವಲ್ಪ ಸರಿದು ಕೂತಳು.

ಅವರ ಮನೆಯ ಬಾಗಿಲು ತೆಗೆದವಳು ಹುಡುಗನ ತಾಯಿ. ನನ್ನ ಮುಖ ನೋಡಿದಳು, ಕೈ ನೋಡಿದಳು, ಬಾ ಎಂದು ಹೇಳುವುದನ್ನು ಮರೆತಳು. ಸಾಹೇಬರು ಪಟಾಪಟಿ ಚಡ್ಡಿಯ ಮೇಲೆ ಟವಲು ಸುತ್ತಿಕೊಂಡು ಪೇಪರು ಓದುತ್ತಿದ್ದರು.

“ಇದೇನಮ್ಮ, ಒಂದು ಫೋನ್ ಮಾಡಿ ಬರಬಾರದಾ?”

“ಫೋನು ನನ್ನ ಹತ್ರ ಕನ್ನಡ ಮಾತಾಡಲ್ಲ ಬೀಗ್ರೇ. ಅದಕ್ಕೆ ನಾನೇ ಬಂದೆ. ಮದುವೆ ಯಾವತ್ತು?”

“ಹೇಳಿದ್ನಲ್ಲ ನಿಮ್ಮ ಮೈದುನನಿಗೆ. ಜಸ್ಟ್ ಪುಟಾಫ್ ಮಾಡಿದೀವಿ.”

“ಅದನ್ನೇ ಕನ್ನಡದಲ್ಲಿ ಹೇಳಿ. ನಿಮ್ಮ ಹೆಂಡ್ತಿ ಇದಾರೆ, ಅವರ ಮುಂದೆ ಹೇಳಿ. ಬೆಂಗಳೂರಿನ ಹುಡುಗಿ ಆಗ್ಲಿಲ್ಲ ಅಂದ್ರೆ ನಿನ್ನ ಮಗಳನ್ನ ತಗೋತೀವಿ, ಅಲ್ಲಿಗಂಟ ಇಟ್ಟಿರು ಅನ್ನಿ. ಕೇಳ್ಕೊಂಡು ಹೋಗ್ತೀನಿ.”

ಸಾಹೇಬರು ಪೇಪರು ಮಡಚಿದರು, ಬಿಚ್ಚಿದರು. ಹುಡುಗ ಒಳಗಿನಿಂದ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿ ಇಟ್ಟುಕೊಂಡೇ ಬಂದ. “ಕೂಲ್ ಡೌನ್ ಆಂಟಿ,” ಅಂದ.

“ಕಾದ ಹೆಂಚೇನೋ ನಾನು, ತಣ್ಣಗಾಗೋಕೆ? ಬಾಯಿ ತೊಳ್ಕೊಂಡು ಬಂದು ಮಾತಾಡು.”

ಅವನು ಒಳಗೆ ಹೋದ. ಹೋದವನು ಮತ್ತೆ ಬರಲಿಲ್ಲ.

ಹುಡುಗನ ತಾಯಿ ಗಂಡನ ಕಡೆ ತಿರುಗಿದಳು. “ಇವರ ಮನೆ ಮಾತು ಮುರಿದಾಯ್ತು ಅಂದ್ರಲ್ಲ ನೀವು?”

“ನೀನ್ ಒಳಗೋಗು.”

“ಫೋನಲ್ಲೇ ಮಾತಾಡಿ ಮುಗಿಸ್ದೆ, ಅವರೂ ಒಪ್ಪಿದ್ರು ಅಂದ್ರಿ. ಬೆಂಗಳೂರಿನೋರಿಗೆ ನಾನು ಅದನ್ನೇ ಹೇಳಿದೀನಿ. ಬರೋ ಬುಧವಾರ ವೀಳ್ಯಕ್ಕೆ ಬತ್ತಾವ್ರೆ ಅವರು. ಈ ವೀಳ್ಯ ಮನೇಲಿರೋವಾಗ ಆ ವೀಳ್ಯ ಹೆಂಗ್ರೀ ಹಿಡೀಲಿ ನಾನು?”

ಆಗ ಗೊತ್ತಾಯಿತು. ಆ ಮನುಷ್ಯ ನನಗೊಂದು ಹೇಳಿಸಿದ್ದ, ಹೆಂಡತಿಗೊಂದು ಹೇಳಿದ್ದ. ಅವಳು ನನ್ನಷ್ಟೇ ಓದಿದವಳಿರಬೇಕು. ಅವಳ ಮೇಲೆ ನನಗೆ ಕರುಣೆ ಬರಲಿಲ್ಲ. ಕೆಲಸ ಬೇಡ ಎಂದು ನನ್ನ ಮಗಳ ಬಾಯಿ ಮುಚ್ಚಿಸಿದವಳು ಅವಳೇ. ನಾನು ವೀಳ್ಯ ಮುಂದೆ ಚಾಚಿದೆ.

“ತಗೋಬ್ಯಾಡ ಕಣೇ!” ಸಾಹೇಬರು ಎದ್ದೇ ಬಿಟ್ಟರು. “ಎರಡು ಕಡೆ ಗಂಡಸರು ಕೂತು ಮಾತಾಡ್ಬೇಕು ಇದನ್ನ. ಅದೂ ಅಲ್ದೆ ಇವರು ಮುಟ್ಟೋ ಹಂಗಿಲ್ಲ.”

“ಅದಕ್ಕೇ ಮುಟ್ಟಿದೀನಿ,” ಅಂದೆ. “ಗಂಡ ಸತ್ತೋಳು ಮುಟ್ಟಿದ್ರೆ ವೀಳ್ಯ ಕೆಡುತ್ತೆ ಅಂತ ನನ್ನ ಬಾಗಿಲ ಹಿಂದೆ ನಿಲ್ಸಿದ್ರಿ. ಈಗ ತುಮಕೂರಿಂದ ಇಲ್ಲೀಗಂಟ ತೊಡೆ ಮೇಲೆ ಇಟ್ಕೊಂಡು ಬಂದಿದೀನಿ. ಇನ್ನ ಈ ಮಾತಿನಲ್ಲಿ ಮದುವೆ ಆಗಲ್ಲ. ತಗೊಂಡ್ರೂ ಅಷ್ಟೆ, ಬುಟ್ರೂ ಅಷ್ಟೆ. ಬುಟ್ರೆ ನಿಮ್ಮ ಹೊಸ್ತಿಲ ಮೇಲೆ ಇಟ್ಟೋಗ್ತೀನಿ, ದಾಟ್ಕೊಂಡು ಓಡಾಡಿ.”

ಅವಳು ಒಳಗೆ ಓಡಿದಳು. ಒಂದು ಮೊರ ತಂದು ನನ್ನ ಕೈಯ ಕೆಳಗೆ ಹಿಡಿದಳು. ಬೆರಳಿಗೆ ಬೆರಳು ತಾಗಬಾರದಲ್ಲ. ನಾನು ವೀಳ್ಯವನ್ನು ಮೊರಕ್ಕೆ ಹಾಕಿದೆ.

“ನಿಮ್ಮ ಮಾತು ನಿಮಗೆ,” ಅಂದೆ.

“ನಮ್ಮ ಮಾತು ನಮಗೆ,” ಅಂದಳು. ಧ್ವನಿ ಸಣ್ಣದಾಗಿತ್ತು, ಆದರೆ ಹೇಳಿದಳು. ಒಪ್ಪಂದದ ದಿನ ನಾವು ಕೊಟ್ಟಿದ್ದ ಕೊಬ್ಬರಿ ಗಿಟುಕನ್ನು ಅದೇ ಮೊರದಲ್ಲಿ ತಂದು ನನ್ನ ಸೆರಗಿಗೆ ಸುರಿದಳು. ನೀರು ಬೇಕಾ ಎಂದು ಕೇಳಲಿಲ್ಲ. ಕೇಳಿದ್ದರೂ ನಾನು ಕುಡಿಯುತ್ತಿರಲಿಲ್ಲ. ಸಾಹೇಬರು ಆಗಲೇ ಫೋನಿನ ಹತ್ತಿರ ಹೋಗಿದ್ದರು.

ನಾನು ತುಮಕೂರು ಸೇರುವ ಮೊದಲೇ ಸುದ್ದಿ ಸೇರಿತ್ತು. ಮೈದುನ ಬೀದಿ ಬಾಗಿಲಲ್ಲೇ ನಿಂತಿದ್ದ. ಅವನ ಹೆಂಡತಿ ಹಿಂದೆ ನಿಂತು ಬೇಡ ಬೇಡ ಎಂದು ತೋಳು ಎಳೆಯುತ್ತಿದ್ದಳು.

“ನನ್ ಲೈಫ್ ಹಾಳ್ಮಾಡ್ಬುಟ್ರಲ್ಲ ಅತ್ಗೆ! ಏನಂತ ತಿಳ್ಕೊಂಡಿದೀರಿ ನಿಮ್ಮನ್ನ? ಗೆಟೌಟ್! ಗೆಟೌಟ್ ಫ್ರಮ್ ಹಿಯರ್!”

ಮೆಸ್ಸಿನ ಹುಡುಗರು ತಟ್ಟೆ ಹಿಡಿದುಕೊಂಡು ನೋಡುತ್ತಿದ್ದರು.

“ಅದನ್ನೂ ಕನ್ನಡದಲ್ಲಿ ಹೇಳೋ,” ಅಂದೆ. “ಅತ್ಗೆ, ನಮ್ಮಣ್ಣನ ಮನೆ ಬಿಟ್ಟು ಆಚೆ ಹೋಗು ಅನ್ನು. ಎಲ್ಲಾರೂ ಕೇಳಿಸ್ಕೊಳ್ಳಲಿ. ಅಂದ್ರೆ ಈಗ್ಲೇ ಹೋಗ್ತೀನಿ.”

ಅವನ ಬಾಯಿ ತೆರೆಯಿತು. ಚಿಕ್ಕವನಿದ್ದಾಗ ಜ್ವರ ಬಂದರೆ ನನ್ನ ಮಡಿಲಲ್ಲೇ ಮಲಗಿದವನು. ಕನ್ನಡದಲ್ಲಿ ಅವನಿಂದ ಆಗಲಿಲ್ಲ. ಹಿಂದಿನ ಭಾಗಕ್ಕೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡ. ಆಮೇಲೆ ವರ್ಷಾನುಗಟ್ಟಲೆ ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಮೆಸ್ಸಿನ ಹುಡುಗರಿಗೆ ತಿಂಡಿ ಹೊರಗೆ ತಿನ್ನಿ ಎಂದು ಹೇಳಿ, ಮಗಳನ್ನು ಕರೆದುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಸ್ಕೂಲಿನ ಗೇಟಿನಲ್ಲಿ ಹೆಡ್‌ಮಿಸ್ಸು ಇಂಗ್ಲಿಷಿನಲ್ಲಿ ಏನೋ ಕೇಳಿದರು, ಅವಳು ಇಂಗ್ಲಿಷಿನಲ್ಲೇ ಏನೋ ಹೇಳಿದಳು. ಏನೆಂದು ನಾನು ಕೇಳಲಿಲ್ಲ. ಅವಳು ಒಳಗೆ ಹೋದ ಮೇಲೆ ಸಿಕ್ಕಿದ ಬಸ್ಸಿಗೆ ತುಮಕೂರಿಗೆ ವಾಪಸ್ಸು ಬಂದು, ಮಧ್ಯಾಹ್ನದ ಮುದ್ದೆಗೆ ಎಸರಿಟ್ಟೆ.